ಮುಚ್ಚಳದೊಳಗೆ ಎಷ್ಟು ಗುಂಡಿ?

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಹೊಲಿಗೆ ಅಂಗಡಿಯ ತಗಡಿನ ಬಾಗಿಲನ್ನು ಅರ್ಧ ಮಾತ್ರ ಎತ್ತಿ, ಬಗ್ಗಿ ಒಳಗೆ ಹೋಗುತ್ತಾರೆ ಗುಂಡಿಯಕ್ಕ. ಪೂರ್ತಿ ಎತ್ತಿದರೆ ಸದ್ದಿಗೆ ಮೇಲಿನ ಮನೆಯ ಮಾಲೀಕರ ನಿದ್ದೆ ಕೆಡುತ್ತದೆ. ಅವರ ನಿದ್ದೆ ಕೆಟ್ಟರೆ ಎಲ್ಲರ ದಿನವೂ ಕೆಡುತ್ತದೆ. ಹೊಲಿಗೆ ಮಿಷನ್ನಿನ ಹೊದಿಕೆ ತೆಗೆದು ಮಡಚಿಡುತ್ತಾರೆ, ಆದರೆ ಹೊಲಿಯಲು ಕೂರುವುದಿಲ್ಲ. ಮಿಷನ್ನಿನ ತಲೆಯನ್ನು ಮಡಿಸಿ ಕೆಳಗಿಳಿಸಿದರೆ ಅದೇ ಒಂದು ಮೇಜು. ಅದರ ಮೇಲೆ ಗಾಜು ಬಿರುಕು ಬಿಟ್ಟ ಒಂದು ಮೊಬೈಲು, ಒಂದು ಹಳೆಯ ಬಿಸ್ಕತ್ತಿನ ಡಬ್ಬಿ, ಪಕ್ಕದಲ್ಲಿ ಅಂಗಾತ ಇಟ್ಟ ಅದರ ಮುಚ್ಚಳ. ಡಬ್ಬಿಯಲ್ಲಿರುವುದು ಅಂಗಿಯ ಗುಂಡಿಗಳು. ಬಿಳಿ, ಕಂದು, ನೀಲಿ, ಅಂಚು ಒಡೆದದ್ದು, ದಾರ ಕಚ್ಚಿಕೊಂಡೇ ಬಿದ್ದದ್ದು.

ಹೊರಗಿನ ಬೆಂಚಿನಲ್ಲಿ ಆಗಲೇ ನಾಲ್ಕು ಜನ. ರಾತ್ರಿಪಾಳಿ ಮುಗಿಸಿ ಬಂದ ಕಾವಲುಗಾರ ಕೂತಲ್ಲೇ ತೂಕಡಿಸುತ್ತಿದ್ದಾನೆ. ಎಲ್ಲರೂ ಅಂಗಡಿಗೆ ಬೆನ್ನು ಹಾಕಿ, ಬೀದಿಗೆ ಮುಖ ಮಾಡಿ ಕೂತಿದ್ದಾರೆ. ಬೆಂಚು ಇಟ್ಟಿರುವುದೇ ಹಾಗೆ. ಯಾಕೆ ಹಾಗೆ ಎನ್ನುವುದಕ್ಕೆ ಒಂದು ಕಥೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಸರದಿ ಗಾರೆ ಕೆಲಸದ ಒಬ್ಬ ತಾತನದು. ಮನೆಯಲ್ಲಿ ಎಷ್ಟು ಜನ ಎಂದು ಗುಂಡಿಯಕ್ಕ ಕೇಳುವುದಿಲ್ಲ. ಮುಚ್ಚಳವನ್ನು ತಾತನ ಮುಂದಕ್ಕೆ ತಳ್ಳಿ, ತಾವೂ ಬಗ್ಗಿ, ಪಿಸುದನಿಯಲ್ಲಿ ಹೇಳುತ್ತಾರೆ:

"ಮಾತಾಡಬೇಡಿ ತಾತ, ಗುಂಡಿ ಇಡಿ. ಒಂದೇ ಪಾತ್ರೇಲಿ ಅಡುಗೆ ಆಗೋ ಜನ ಎಷ್ಟಿದ್ದಾರೋ ಅಷ್ಟು ಮುಚ್ಚಳದ ಒಳಗೆ. ಸೂರು ಒಂದೇ, ಪಾತ್ರೆ ಬೇರೆ ಅನ್ನೋರು ಮುಚ್ಚಳದ ಆಚೆ. ದುಡಿಯೋರಿಗೆ ಕೋಟಿನ ದೊಡ್ಡ ಗುಂಡಿ, ದುಡಿಯದೇ ಇರೋರಿಗೆ ಅಂಗಿ ಗುಂಡಿ."

ತಾತ ಡಬ್ಬಿಯೊಳಗೆ ಬೆರಳಾಡಿಸಿ, ಆರಿಸಿ ಆರಿಸಿ, ಎರಡು ದೊಡ್ಡ ಗುಂಡಿ ಒಳಗಿಡುತ್ತಾನೆ.

"ಅಜ್ಜಿ ದುಡೀತಾರಾ?" ಗುಂಡಿಯಕ್ಕ ಪಿಸುಗುಟ್ಟುತ್ತಾರೆ.

"ಇಲ್ಲ. ಆದ್ರೂ ದೊಡ್ಡದೇ ಇರ್ಲಿ ತಾಯಿ. ಸಣ್ಣದು ಇಟ್ಟೆ ಅಂತ ಗೊತ್ತಾದ್ರೆ ನಂಗೆ ಇವತ್ತು ಊಟ ಇಲ್ಲ."

"ಊಟ ಇಲ್ಲ ಅಂದ್ರೆ ಕಾರ್ಡು ಇನ್ನೂ ಬೇಗ ಸಿಗುತ್ತೆ ಬಿಡಿ," ಎನ್ನುತ್ತ ಗುಂಡಿಯಕ್ಕ ಒಂದು ದೊಡ್ಡ ಗುಂಡಿ ತೆಗೆದು ಅಲ್ಲಿ ಸಣ್ಣದನ್ನಿಡುತ್ತಾರೆ. ತಾತ ಹೆದರಿಕೆಯಿಂದ ಒಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಾನೆ. ಅಜ್ಜಿ ಬೆಂಚಿನಲ್ಲಿ ಬೀದಿ ನೋಡುತ್ತ ಕೂತಿದ್ದಾಳೆ. ಬಚಾವ್.

ಗುಂಡಿ ಎಣಿಸಿ, ಮೊಬೈಲಿನಲ್ಲಿ ಒತ್ತುವುದು ಅವರ ಕೆಲಸ. ಒತ್ತುವುದು ಎಲ್ಲಿ ಎಂದರೆ, ಸರ್ಕಾರದ ಒಂದು ಪುಟದಲ್ಲಿ. ಆಹಾರ ಕಾರ್ಡು, ಔಷಧಿ ಕಾರ್ಡು ಎರಡಕ್ಕೂ ಅದೇ ಬಾಗಿಲು. ಕಚೇರಿಗೆ ಹೋದರೆ ಕಿಟಕಿಯಲ್ಲಿ ಕೂತವರು ತಲೆ ಎತ್ತದೆಯೇ ಹೇಳುತ್ತಾರೆ, "ಮೊದಲು ಆನ್‌ಲೈನಲ್ಲಿ ನೀವೇ ನೋಡ್ಕೊಂಡು ಬನ್ನಿ, ನಿಮಗೆ ಅರ್ಹತೆ ಇದೆಯಾ ಅಂತ." ಪುಟ ತೆರೆದರೆ ಮೇಲ್ಗಡೆ ನಗುವ ಒಂದು ಕುಟುಂಬದ ಚಿತ್ರ. ಅಪ್ಪ, ಅಮ್ಮ, ಎರಡು ಮಕ್ಕಳು, ನಾಲ್ವರಿಗೂ ಸಾಲು ತಪ್ಪದ ಹಲ್ಲು. ಅದರಡಿಯಲ್ಲಿ ದಪ್ಪಕ್ಷರ: 'ನೀವು ಅರ್ಹರೇ? ಎರಡೇ ನಿಮಿಷದಲ್ಲಿ ನೀವೇ ತಿಳಿದುಕೊಳ್ಳಿ.'

ಎರಡೇ ನಿಮಿಷವಂತೆ! ಹಾಗೆ ಬರೆದ ಮಹಾನುಭಾವರನ್ನು ಒಂದು ಬೆಳಿಗ್ಗೆ ಈ ಬೆಂಚಿನಲ್ಲಿ ಕೂರಿಸಬೇಕು. ಗಾರೆ ಮೆತ್ತಿ ಮೆತ್ತಿ ಬೆರಳಚ್ಚೇ ಸವೆದುಹೋದ ಕೈಯಲ್ಲಿ ಆ ಗಾಜು ಒತ್ತಿಸಬೇಕು. ಹದಿನಾಲ್ಕು ಪ್ರಶ್ನೆ. ಒಂದಕ್ಕೆ ತಪ್ಪು ಉತ್ತರ ಕೊಟ್ಟರೆ ಕೊನೆಯಲ್ಲಿ ಕೆಂಪು ಪಟ್ಟಿ: 'ನೀವು ಅರ್ಹರಲ್ಲ ಎಂದು ತೋರುತ್ತದೆ.' ಅದರ ಕೆಳಗೆ, ಮಂಕು ಬೂದಿಬಣ್ಣದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಇನ್ನೊಂದು ಸಾಲಿದೆ: 'ಇದು ಅಂದಾಜು ಮಾತ್ರ. ನೀವು ಅರ್ಜಿ ಸಲ್ಲಿಸಬಹುದು.' ಇದನ್ನು ಬರೆಯಲೆಂದು ನಾನು ಈ ಬೀದಿಯಲ್ಲಿ ಮಾತಾಡಿಸಿದ ಮೂವತ್ತೊಂದು ಜನರಲ್ಲಿ ಆ ಸಾಲನ್ನು ಕಂಡವರು ಇಬ್ಬರು. ಉಳಿದವರೆಲ್ಲ ಕೆಂಪು ನೋಡಿ ಮೊಬೈಲು ಮುಚ್ಚಿ ಮನೆಗೆ ಹೋದವರು. ಯಾರೂ ಅವರಿಗೆ ಇಲ್ಲ ಅಂದಿಲ್ಲ, ಅವರೇ ತಮಗೆ ತಾವು ಇಲ್ಲ ಅಂದುಕೊಂಡರು. ಹೀಗಿದ್ದರೆ ಕಚೇರಿಯವರಿಗೂ ಎಷ್ಟು ಆರಾಮ ನೋಡಿ.

ಗುಂಡಿಯಕ್ಕನಿಗೆ ನಲವತ್ತೊಂಬತ್ತು. ಹೊಸ ಬಟ್ಟೆ ಹೊಲಿಯುವವರಲ್ಲ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಾಯಿಸುವುದು, ಹರಿದದ್ದಕ್ಕೆ ತೇಪೆ, ಬಿದ್ದ ಗುಂಡಿಗೆ ಗುಂಡಿ. ನಾಲ್ಕು ವರ್ಷದ ಹಿಂದೆ ಅವರ ಗಂಡನಿಗೆ ಎದೆನೋವು ಬಂದಾಗ ಔಷಧಿ ಕಾರ್ಡಿಗಾಗಿ ಈ ಪುಟದ ಜೊತೆ ಹನ್ನೊಂದು ದಿನ ಗುದ್ದಾಡಿದರು. ಹನ್ನೆರಡನೇ ದಿನ ಗೆದ್ದರು. ಬಾಯಿ ಸುಮ್ಮನಿರಬೇಕಲ್ಲ, ಪಕ್ಕದವರಿಗೆ ಹೇಳಿದರು. ಪಕ್ಕದವರು ಅವರ ಪಕ್ಕದವರಿಗೆ. ಅಲ್ಲಿಂದ ಶುರು.

"ಒಂಬತ್ತು ಗಂಟೆ ಆಯ್ತು ಅಂದ್ರೆ ಆ ಪುಟ ಮುಂದಕ್ಕೆ ಹೋಗಲ್ಲ ತಮ್ಮಾ. ಸುತ್ತುತ್ತೆ, ಸುತ್ತುತ್ತೆ, ನಮ್ಮ ತಲೇನೂ ಸುತ್ತುತ್ತೆ. ಕೋಳಿ ಕೂಗೋ ಹೊತ್ತಿಗೆ ಸರಾಗ. ಅದಕ್ಕೇ ಈ ಹೊತ್ತು."

ಐದೂವರೆಯಿಂದ ಎಂಟರವರೆಗೆ ದಿನಕ್ಕೆ ಎಂಟು, ಹತ್ತು ಜನ. ವಾರದಲ್ಲಿ ಆರು ದಿನ. ಎಂಟಕ್ಕೆ ಮಿಷನ್ನಿನ ತಲೆ ಮೇಲೆ ಬರುತ್ತದೆ, ಗುಂಡಿಯಕ್ಕ ಮತ್ತೆ ದರ್ಜಿ. ಇದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಕೊಡಲು ಬಂದವರಿಗೆ, "ಮನೇಲಿ ಹರಿದ ಪ್ಯಾಂಟು ಇದ್ರೆ ತಂದು ಹಾಕಿ, ಹೋಗಿ," ಎಂದು ಗದರುತ್ತಾರೆ. ಆಗಲಿ ಎಂದು ಗಟ್ಟಿಮುಟ್ಟಾದ ಪ್ಯಾಂಟನ್ನೇ ಹರಿದು ತಂದವನೊಬ್ಬ ಇದ್ದಾನೆ. ಹೆಂಡತಿ ಕೈಯಲ್ಲಿ ಸಿಕ್ಕಿಬಿದ್ದ.

ಗೆದ್ದವರ ಲೆಕ್ಕ ಇಟ್ಟಿಲ್ಲ. ಎಷ್ಟು ಜನಕ್ಕೆ ಕಾರ್ಡು ಬಂದಿರಬಹುದು ಎಂದು ಕೇಳಿದರೆ, "ಬಂದೋರು ಉಂಡ್ಕೊಂಡು ಇರ್ತಾರೆ ಬಿಡು, ಅವರನ್ನ ಯಾಕೆ ಎಣಿಸೋದು?" ಎನ್ನುತ್ತಾರೆ. ಅವರು ಬರೆದಿಡುವುದು ಕೆಂಪು ಪಟ್ಟಿ ಬಂದವರನ್ನು. ನೀಲಿ ರಟ್ಟಿನ ಒಂದು ಶಾಲೆಯ ನೋಟ್‌ಬುಕ್ಕು. ಇಲ್ಲಿಯತನಕ ಇನ್ನೂರ ಹನ್ನೆರಡು ಜನ. ಪ್ರತಿ ವರ್ಷ ನಿಯಮ ಬದಲಾದ ಕೂಡಲೇ ಆ ಪುಸ್ತಕ ತೆಗೆದು, ಮೊದಲಿನಿಂದ ಒಬ್ಬೊಬ್ಬರಿಗೂ ಫೋನು ಮಾಡುತ್ತಾರೆ: "ಬನ್ನಿ, ಇನ್ನೊಂದ್ಸಲ ನೋಡೋಣ." ಹಾಗೆ ಕರೆದು ಕರೆದು ಐವತ್ತೇಳು ಸಾಲುಗಳ ಮೇಲೆ ಗೀಟು ಬಿದ್ದಿದೆ. ಗೀಟು ಎಂದರೆ ಕಾರ್ಡು ಕೈಗೆ ಬಂತು ಎಂದರ್ಥ. ಪುಟದಲ್ಲಿ ಹಸಿರು ಬಂದರೆ ಸಾಲದು, ಕಾರ್ಡು ಕೈಗೇ ಬರಬೇಕು.

ಎಂಬತ್ತೆಂಟನೇ ಸಾಲಿನ ಮೇಲೆ ಗೀಟಿಲ್ಲ. ಆ ಪುಟದ ಅಂಚು ಬೆರಳು ತಾಗಿ ತಾಗಿ ಕಪ್ಪಾಗಿದೆ. ಅದು ಎದುರು ಸಾಲಿನ ಇಸ್ತ್ರಿಯಮ್ಮನ ಸಾಲು.

ರಸ್ತೆ ದಾಟಿದರೆ ಇಸ್ತ್ರಿ ಅಂಗಡಿ. ಅರವತ್ತು ದಾಟಿದ ಇಸ್ತ್ರಿಯಮ್ಮ ಬೆಳಿಗ್ಗೆ ಆರರಿಂದ ನಿಂತೇ ಇರುತ್ತಾರೆ. ಎಡಗಾಲಿಗೆ ದಪ್ಪ ಬಟ್ಟೆಯ ಸುತ್ತು, ಅದರ ಮೇಲೆ ಹಿಂಬದಿ ಕತ್ತರಿಸಿದ ಚಪ್ಪಲಿ. ಸಕ್ಕರೆ ಕಾಯಿಲೆ. ಹೋದ ವರ್ಷ ಎರಡು ಬೆರಳು ಹೋದವು. ಈಗ ಅದೇ ಕಾಲಿನ ಹಿಮ್ಮಡಿಯಲ್ಲಿ ಮತ್ತೊಂದು ಗಾಯ. ಔಷಧಿ ತಪ್ಪದೆ ಹೋಗಬೇಕು, ಗಾಯಕ್ಕೆ ದಿನಾ ದಾದಿಯಿಂದ ಕಟ್ಟು ಹಾಕಿಸಬೇಕು, ಇಲ್ಲದಿದ್ದರೆ ಈ ಸಲ ಬೆರಳಲ್ಲ, ಪಾದವೇ ಹೋಗುತ್ತದೆ ಎಂದಿದ್ದಾರೆ ವೈದ್ಯರು. ಔಷಧಿ ಕಾರ್ಡಿದ್ದರೆ ಅದೆಲ್ಲ ಆಗುತ್ತದೆ. ಕಾರ್ಡಿಲ್ಲ. ಹಾಗಾಗಿ ಒಂದು ದಿನದ ಮಾತ್ರೆಯನ್ನು ಇಸ್ತ್ರಿಯಮ್ಮ ಎರಡು ದಿನಕ್ಕೆ ಮುರಿದು ನುಂಗುತ್ತಾರೆ. ಇದು ಬೀದಿಗೆಲ್ಲ ಗೊತ್ತು. ಗುಂಡಿಯಕ್ಕನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೂ ಇಬ್ಬರಿಗೂ ಮಾತಿಲ್ಲ. ಒಂದು ವರ್ಷವಾಯಿತು.

ಹಿಂದೆ ಇಬ್ಬರೂ ಅಕ್ಕ ತಂಗಿಯರ ಹಾಗಿದ್ದರು. ಇಸ್ತ್ರಿ ಮಾಡುವಾಗ ಕಿತ್ತು ಬಂದ, ಯಾರ ಅಂಗಿಯದೆಂದು ತಿಳಿಯದ ಗುಂಡಿಗಳನ್ನು ಇಸ್ತ್ರಿಯಮ್ಮ ಕೂಡಿಟ್ಟು ತಿಂಗಳಿಗೊಮ್ಮೆ ತಂದು ಈ ಡಬ್ಬಿಗೆ ಸುರಿಯುತ್ತಿದ್ದರು. ಗುಂಡಿಯಕ್ಕ ಎಂಬ ಹೆಸರು ಇಟ್ಟದ್ದೂ ಅವರೇ.

ಎರಡು ವರ್ಷದ ಹಿಂದಿನ ಒಂದು ಬೆಳಿಗ್ಗೆ. ಆಗ ಮುಚ್ಚಳದ ಪದ್ಧತಿ ಇರಲಿಲ್ಲ, ಬೆಂಚು ಅಂಗಡಿಗೇ ಮುಖ ಮಾಡಿತ್ತು. ಬೆಂಚಿನಲ್ಲಿ ಏಳು ಜನ. ಇಸ್ತ್ರಿಯಮ್ಮ ಇರುವುದು ತಮ್ಮ ಮತ್ತು ತಮ್ಮನ ಹೆಂಡತಿಯ ಜೊತೆ, ಎರಡು ಕೋಣೆಯ ಮನೆಯಲ್ಲಿ. ಅವರಿಬ್ಬರೂ ದುಡಿಯುತ್ತಾರೆ. ಪುಟದ ಐದನೇ ಪ್ರಶ್ನೆ, ಮನೆಯಲ್ಲಿ ಎಷ್ಟು ಜನ ಎನ್ನುವುದು. ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಅದನ್ನು ಒತ್ತಿದರೆ ಮಾತ್ರ ತಿಳಿಯುತ್ತದೆ, ಒಟ್ಟಿಗೆ ಕೊಂಡು ಒಟ್ಟಿಗೆ ಬೇಯಿಸಿ ಉಣ್ಣುವವರನ್ನು ಮಾತ್ರ ಎಣಿಸಬೇಕು ಎಂದು. ಗುಂಡಿಯಕ್ಕ ಅದನ್ನು ಒತ್ತಿದ್ದರು, ಓದಿದ್ದರು. ಓದಿ, ತಮ್ಮ ಮಾಮೂಲಿ ಗಂಟಲಲ್ಲಿ ಕೇಳಿದರು:

"ಅಕ್ಕಾ, ನೀವು ತಮ್ಮನ ಜೊತೆಗೇ ಉಣ್ತೀರೋ, ಬೇರೆ ಬೇಯಿಸ್ಕೊಂಡು ಉಣ್ತೀರೋ?"

ಏಳು ಜನರ ಹದಿನಾಲ್ಕು ಕಿವಿ ನೆಟ್ಟಗಾದವು.

"ಬೇರೆ ಯಾಕೆ ಉಣ್ಣಲಿ?" ಎಂದರು ಇಸ್ತ್ರಿಯಮ್ಮ, ಇನ್ನೂ ಗಟ್ಟಿಯಾಗಿ. "ಎತ್ತಿ ಆಡಿಸಿದ ತಮ್ಮ ಅವನು. ನಮ್ಮನೇಲಿ ಪಾತ್ರೆ ಬೇರೆ ಆಗಿಲ್ಲ!"

ಮೂರು ಜನ, ಎರಡು ಸಂಬಳ, ಇಸ್ತ್ರಿಯ ಪುಡಿಗಾಸು ಬೇರೆ ಎಂದು ಒತ್ತಿದರು. ಕೆಂಪು ಬಂತು. ಅಂದಾಜು ಮಾತ್ರ ಎನ್ನುವ ಇರುವೆ ಸಾಲನ್ನು ಆಗ ಗುಂಡಿಯಕ್ಕನೂ ಕಂಡಿರಲಿಲ್ಲ. ಎಂಬತ್ತೆಂಟನೇ ಸಾಲು ಬರೆದು, ಮುಂದಿನವರನ್ನು ಕರೆದರು.

ಮುಂದಿನ ವರ್ಷ ಬೆರಳು ಕತ್ತರಿಸಿದ ಮೇಲೆ ನೋಡಿ ಬರಲು ಹೋದಾಗ ಗುಂಡಿಯಕ್ಕ ಮೊದಲ ಸಲ ಆ ಮನೆಯ ಹಿಂದಿನ ಕೋಣೆಗೆ ಕಾಲಿಟ್ಟರು. ಮಂಚದ ಪಕ್ಕ ನೆಲದ ಮೇಲೆ ಒಂದು ಪುಟ್ಟ ಒಲೆ, ಒಂದೇ ಒಂದು ಪಾತ್ರೆ, ಒಂದು ತಟ್ಟೆ. ನಾಲ್ಕು ವರ್ಷದಿಂದ ಇಸ್ತ್ರಿಯಮ್ಮ ಸಪ್ಪೆ ಅಡುಗೆಗೆ ಬೇಕಾದ್ದನ್ನು ತಾವೇ ತಂದು ತಾವೇ ಬೇಯಿಸಿಕೊಳ್ಳುತ್ತಿದ್ದರು. ಜಗಳವೇನಲ್ಲ. ಕಾಯಿಲೆಯವರ ಊಟ, ಅವರ ಹೊತ್ತು, ಅವರ ಕೆಲಸ ಎಂದು ತಾನಾಗಿಯೇ ಹಾಗಾಗಿತ್ತು. ಆದರೆ ಅದನ್ನು ಬೆಂಚಿನ ಮುಂದೆ ಹೇಳಿದ್ದರೆ ಸಂಜೆಯೊಳಗೆ ಬೀದಿಯೆಲ್ಲ, "ತಮ್ಮ ಅಕ್ಕನನ್ನ ಬೇರೆ ಹಾಕಿದ್ದಾನಂತೆ" ಎಂದು ಆಡಿಕೊಳ್ಳುತ್ತಿತ್ತು. ತಮ್ಮನ ಮಾನ ಉಳಿಸಲು ಅಕ್ಕ ಒಂದು ಸುಳ್ಳು ಹೇಳಿದರು. ಆ ಸುಳ್ಳಿಗೆ ಎರಡು ಬೆರಳು ಹೋದವು. ಎರಡೇ ನಿಮಿಷದ ಪುಟ ಮಾಡಿದವರ ತಲೆಗೆ ಇಂಥದ್ದೊಂದು ಹೊಳೆಯುತ್ತದೆಯೇ? ಇದು ಗೊತ್ತಾಗಲು ಒಂದು ಸಲವಾದರೂ ಒಬ್ಬರ ಹಿಂದಿನ ಕೋಣೆ ನೋಡಿರಬೇಕಲ್ಲ!

ಅವತ್ತು ಗುಂಡಿಯಕ್ಕನಿಗೆ ದುಃಖ, ಸಿಟ್ಟು ಎರಡೂ ಒಟ್ಟಿಗೆ ಬಂದು ಬಾಯಿ ಜಾರಿತು. "ಅಯ್ಯೋ ಅಕ್ಕಾ, ಸುಳ್ಳು ಯಾಕೆ ಹೇಳಿದ್ರಿ?"

ಮಂಚದಲ್ಲಿದ್ದ ಇಸ್ತ್ರಿಯಮ್ಮ ಗೋಡೆ ಕಡೆ ತಿರುಗಿಕೊಂಡರು. "ನೀನು ಯಾಕೆ ಕೂಗಿ ಕೇಳಿದೆ?"

ಅದೇ ಕೊನೆಯ ಮಾತು.

ಮಾರನೆಯ ದಿನ ಗುಂಡಿಯಕ್ಕ ಬೆಂಚನ್ನು ಬೀದಿಗೆ ತಿರುಗಿಸಿದರು. ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. ಅಂದಿನಿಂದ ಈ ಅಂಗಡಿಯಲ್ಲಿ ಐದನೇ ಪ್ರಶ್ನೆಯನ್ನು ಬಾಯಲ್ಲಿ ಕೇಳಿದ್ದಿಲ್ಲ, ಬಾಯಲ್ಲಿ ಉತ್ತರ ಹೇಳಿದ್ದೂ ಇಲ್ಲ.

"ಗುಂಡಿ ಮಾತಾಡಲ್ಲ ನೋಡು," ಎನ್ನುತ್ತಾರೆ. "ಗಂಡ ಬಿಟ್ಟು ಹೋಗಿದ್ದಾನೆ ಅಂತ ಬಾಯಲ್ಲಿ ಹೇಳೋಕೆ ಆಗದವಳು ಒಂದು ಗುಂಡಿ ಕಡಿಮೆ ಇಡ್ತಾಳೆ ಅಷ್ಟೇ. ನಾನೂ ಅವಳ ಮುಖ ನೋಡಲ್ಲ. ಮುಚ್ಚಳ ನೋಡ್ತೀನಿ."

ಬೀದಿಗೆಲ್ಲ ಆದ ಉಪಕಾರ ಇಸ್ತ್ರಿಯಮ್ಮನಿಗೆ ಮಾತ್ರ ಆಗಲಿಲ್ಲ. ಅರ್ಜಿಗೆ ಅವರೇ ಬರಬೇಕು, ಅವರ ಫೋನಿಗೆ ಬರುವ ಓಟಿಪಿಯನ್ನು ಅವರೇ ಹೇಳಬೇಕು. ಅವರೋ ಈ ಕಡೆ ತಲೆಯನ್ನೂ ತಿರುಗಿಸುವುದಿಲ್ಲ. ಗುಂಡಿಯಕ್ಕ ಒಂದು ಉಪಾಯ ಹೂಡಿದರು. ಮಾತು ಬಿಟ್ಟರೂ ಗಂಡನ ಅಂಗಿಗಳು ಇಸ್ತ್ರಿಗೆ ಅಲ್ಲಿಗೇ ಹೋಗುತ್ತಿದ್ದವಲ್ಲ, ಅಂಗಿಯ ಜೇಬಿನಲ್ಲಿ ಚೀಟಿ ಇಟ್ಟು ಕಳಿಸಿದರು. 'ಐದು ಗಂಟೆಗೆ ಬನ್ನಿ. ಯಾರೂ ಇರಲ್ಲ. ನಾನು ಏನೂ ಕೇಳಲ್ಲ.'

ಅಂಗಿ ಸಂಜೆ ವಾಪಸು ಬಂತು. ಚೀಟಿಯೂ ಬಂತು. ಉತ್ತರವಿಲ್ಲ. ಆದರೆ ಚೀಟಿಗೂ ಚೆನ್ನಾಗಿ ಇಸ್ತ್ರಿ ಬಿದ್ದಿತ್ತು.

ಹಾಗೆ ಇಸ್ತ್ರಿಯಾದ ಚೀಟಿಗಳು ನಾನು ಹೋದ ದಿನ ಹದಿನೇಳಿದ್ದವು. ನೋಟ್‌ಬುಕ್ಕಿನೊಳಗೆ ಜೋಡಿಸಿಟ್ಟಿದ್ದಾರೆ. ಒಂದೂ ಸುಕ್ಕಿಲ್ಲ.

"ಹರಿದು ಬಿಸಾಕಬಹುದಿತ್ತು ತಾನೇ? ಬಿಸಾಕಿಲ್ಲ," ಎಂದು ಗುಂಡಿಯಕ್ಕ ಒಂದೊಂದನ್ನೇ ತೋರಿಸುತ್ತಾರೆ. "ಮಡಿಕೆ ನೋಡು ಹೇಗೆ ಹಾಕಿದ್ದಾಳೆ. ಸಿಟ್ಟಿದ್ದೋಳು ಹಿಂಗೆ ಮಡಚ್ತಾಳಾ?"

ಪಕ್ಕದಲ್ಲಿ ನಿಂತ ಅವರ ಗಂಡ ಮೂಗು ಮುರಿಯುತ್ತಾರೆ. ಮೂಟೆ ಹೊತ್ತು ಹೊತ್ತು ಭುಜ ಒಂದು ಕಡೆ ವಾಲಿದ ಮನುಷ್ಯ. ನೀಲಿ ಅಂಗಿ, ಎದೆಯ ಹತ್ತಿರ ಗುಂಡಿಯ ಜಾಗದಲ್ಲಿ ಒಂದು ಪಿನ್ನು. "ನಿಮ್ಮಿಬ್ಬರ ಟಪಾಲು ಹೊತ್ತು ಹೊತ್ತು ನನ್ನ ಅಂಗಿ ಜೇಬು ಹರಿದುಹೋಯ್ತು. ದರ್ಜಿ ಗಂಡ ನಾನು, ಎಂಟು ತಿಂಗಳಿಂದ ಪಿನ್ನು ಹಾಕ್ಕೊಂಡು ಓಡಾಡ್ತಿದ್ದೀನಿ."

"ಆ ನೀಲಿಗೆ ಜೋಡಿ ಗುಂಡಿ ಸಿಗಬೇಕಲ್ಲ!"

"ಸಿಕ್ಕಿಲ್ಲ ಅಂದ್ರೆ ಐದೂ ಬದಲಾಯಿಸೇ!"

"ಒಂದು ಗುಂಡಿಗೋಸ್ಕರ ನಾಲ್ಕು ಗುಂಡಿ ಕೀಳ್ತಾರಾ ಯಾರಾದ್ರೂ?"

ಹದಿನೆಂಟನೇ ಚೀಟಿ ಹೋಗುವಾಗ ನಾನಲ್ಲೇ ಇದ್ದೆ. ಈ ಸಲ ಗುಂಡಿಯಕ್ಕ ಬೇರೆ ಏನನ್ನೋ ಬರೆದರು. ಬರೆದು, ಹೊಡೆದು, ಮತ್ತೆ ಬರೆದರು. ಕೊನೆಗೆ ಉಳಿದದ್ದು ಒಂದೇ ಸಾಲು: 'ಕೂಗಿ ಕೇಳಿದ್ದು ನನ್ನ ತಪ್ಪು.'

"ಒಂದು ವರ್ಷ ಬೇಕಾಯ್ತು ಇಷ್ಟು ಬರೆಯೋಕೆ," ಎಂದರು, ನನ್ನ ಕಡೆ ನೋಡದೆ. "ಬನ್ನಿ ಬನ್ನಿ ಅಂತ ಹದಿನೇಳು ಸಲ ಬರೆದೆ. ಇದನ್ನ ಬರೀಲಿಲ್ಲ."

ಸಂಜೆ ಅಂಗಿ ಬಂತು. ಜೇಬಿನಲ್ಲಿ ಚೀಟಿ ಇರಲಿಲ್ಲ.

ಮರುದಿನ ನಾನು ಐದಕ್ಕೆ ಹತ್ತು ನಿಮಿಷವಿರುವಾಗಲೇ ಹೋಗಿ ಅಂಗಡಿಯ ಮೂಲೆಯಲ್ಲಿ, ಬಟ್ಟೆ ಗಂಟುಗಳ ಮರೆಗೆ ಕೂತೆ. ಗುಂಡಿಯಕ್ಕ ಬಾಗಿಲು ಅರ್ಧ ಎತ್ತಿ ಕೂತಿದ್ದಾರೆ, ಕೈ ಡಬ್ಬಿಯ ಮೇಲಿದೆ. ಐದಾಯಿತು, ಐದೂ ಹತ್ತಾಯಿತು. ಹೊರಗೆ ಒಂದು ಕಾಲು ಎಳೆದು ನಡೆಯುವ ಸದ್ದು. ಬಾಗಿಲ ಕೆಳಗೆ ಮೊದಲು ಕಂಡದ್ದು ಹಿಂಬದಿ ಕತ್ತರಿಸಿದ ಚಪ್ಪಲಿ.

"ಪೂರ್ತಿ ಎತ್ತೇ. ಬಗ್ಗೋಕೆ ಆಗಲ್ಲ ನಂಗೆ."

ಗುಂಡಿಯಕ್ಕ ಬಾಗಿಲನ್ನು ದಡಾರನೆ ಪೂರ್ತಿ ಎತ್ತಿದರು. ಮೇಲಿನ ಮನೆಯಲ್ಲಿ ಯಾರೋ ಕೆಮ್ಮಿ ಬೈದರು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಇಸ್ತ್ರಿಯಮ್ಮ ಕುರ್ಚಿಯಲ್ಲಿ ಕೂತು ಸೆರಗಿನಿಂದ ಒಂದು ಬಟ್ಟೆ ಗಂಟು ಬಿಚ್ಚಿದರು. ಡಬ್ಬಿಗೆ ಸುರಿದರು. ಗುಂಡಿಗಳು! ಒಂದು ವರ್ಷದ ಗುಂಡಿಗಳು, ಮಳೆ ಬಿದ್ದ ಹಾಗೆ ಸದ್ದು ಮಾಡಿಕೊಂಡು ಬಿದ್ದವು. "ಬಿಸಾಕೋಕೆ ಮನಸ್ಸು ಬರ್ಲಿಲ್ಲ," ಎಂದರು, ಅದು ಏನೂ ಅಲ್ಲ ಎನ್ನುವ ಹಾಗೆ.

ಗುಂಡಿಯಕ್ಕ ಮುಚ್ಚಳವನ್ನು ಮುಂದಕ್ಕೆ ತಳ್ಳಿದರು. ಮುಚ್ಚಳದ ಲೆಕ್ಕ ಬೀದಿಗೆಲ್ಲ ಗೊತ್ತಿದ್ದದ್ದೇ. ಇಸ್ತ್ರಿಯಮ್ಮ ಎರಡು ದೊಡ್ಡ ಗುಂಡಿ ಆರಿಸಿ ಮುಚ್ಚಳದ ಆಚೆ ಇಟ್ಟರು. ದೂರ ಅಲ್ಲ, ಅಂಚಿಗೆ ತಾಗಿಸಿ. ಮತ್ತೊಂದನ್ನು ಬೆರಳ ತುದಿಯಲ್ಲಿ ಹಿಡಿದು, ಮುಚ್ಚಳದ ನಡುವೆ, ಒಂಟಿಯಾಗಿ ಇಟ್ಟರು.

"ಅವನು ಒಳ್ಳೇನು," ಎಂದರು. "ನನ್ನ ತಮ್ಮ."

"ನಂಗೆ ಗೊತ್ತು ಅಕ್ಕ."

"ಪುಟಕ್ಕೂ ಗೊತ್ತಾಗುತ್ತಾ?"

"ಪುಟ ಅದನ್ನ ಕೇಳಲ್ಲ. ಪಾತ್ರೆ ಮಾತ್ರ ಕೇಳುತ್ತೆ."

ಹದಿನಾಲ್ಕು ಪ್ರಶ್ನೆ ಮುಗಿದವು. ಹಸಿರು ಪಟ್ಟಿ ಬಂತು. ಗುಂಡಿಯಕ್ಕ ಅದನ್ನು ನೋಡಿ ಖುಷಿಪಡಲು ಹೋಗಲಿಲ್ಲ. ಅಲ್ಲೇ, ಆಗಲೇ, ನಿಜವಾದ ಅರ್ಜಿಯನ್ನೂ ತುಂಬಿಸಿ, ಕಾಲಿಗೆ ವೈದ್ಯರು ಬರೆದುಕೊಟ್ಟ ಚೀಟಿಗಳನ್ನೆಲ್ಲ ಫೋಟೋ ತೆಗೆದು ಹಾಕಿ, ಓಟಿಪಿ ಹೇಳಿಸಿ, ಕಳಿಸಿದ ಮೇಲೆಯೇ ಉಸಿರು ಬಿಟ್ಟದ್ದು. ಬೆಂಚಿನ ಮೇಲೆ ಮೊದಲನೆಯವರು ಬಂದು ಕೂರುವಷ್ಟರಲ್ಲಿ ಇಸ್ತ್ರಿಯಮ್ಮ ಎದ್ದಾಗಿತ್ತು. ಬಾಗಿಲ ಬಳಿ ನಿಂತು ಹೇಳಿದರು:

"ಆ ರಾಶೀಲಿ ಒಂದು ನೀಲಿ ಇದೆ ನೋಡು. ನಿನ್ನ ಗಂಡಂದು. ನನ್ನ ಕೈಯಲ್ಲೇ ಕಿತ್ತು ಬಂತು. ಪಾಪ, ಎದೆಗೆ ಪಿನ್ನು ಚುಚ್ಚಿಕೊಂಡು ಓಡಾಡ್ತಿದ್ದಾನೆ."

"ಎಂಟು ತಿಂಗಳು ಇಟ್ಕೊಂಡಿದ್ರಾ ಅದನ್ನ?"

"ನೀನು ಕೇಳಿದ್ಯಾ?"

ಹತ್ತೊಂಬತ್ತು ದಿನದ ಮೇಲೆ ಗುಂಡಿಯಕ್ಕ ನನಗೆ ಫೋನು ಮಾಡಿದರು. ಬಂತು, ಎಂದರು. ಎರಡು ಕಾರ್ಡೂ ಬಂದಿವೆ. ಮಾತ್ರೆಯನ್ನು ಈಗ ಯಾರೂ ಮುರಿಯುತ್ತಿಲ್ಲ, ದಾದಿ ದಿನಾ ಬಂದು ಕಟ್ಟು ಬದಲಾಯಿಸುತ್ತಾಳೆ. ಪಾದ ಕತ್ತರಿಸುವ ಮಾತನ್ನು ವೈದ್ಯರು ಪಕ್ಕಕ್ಕಿಟ್ಟಿದ್ದಾರೆ. ಸದ್ಯಕ್ಕೆ ಎಂದಿದ್ದಾರೆ. ಹೋದ ಬೆರಳನ್ನು ಯಾವ ಕಾರ್ಡೂ ತಂದುಕೊಡುವುದಿಲ್ಲ. ಆ ಸಿಟ್ಟು ನನಗೆ ಹೋಗಿಲ್ಲ, ಹೋಗಬೇಕೆಂದೂ ಇಲ್ಲ.

ಮತ್ತೆ ಅಂಗಡಿಗೆ ಹೋದಾಗ ಎಂಬತ್ತೆಂಟನೇ ಸಾಲಿನ ಮೇಲೆ ಗೀಟು ನೋಡಿದೆ. ಅಳತೆಪಟ್ಟಿ ಇಟ್ಟು ಎಳೆದ ನೇರ ಗೀಟು. ನಿಮಗೇನಾದರೂ ಆಸೆ ಇದೆಯಾ ಅಕ್ಕ ಎಂದು ಕೇಳಿದೆ. ಸಂಬಳ, ಹೊಸ ಮೊಬೈಲು, ಸನ್ಮಾನ, ಏನಾದರೂ ಹೇಳಬಹುದು ಎಂದುಕೊಂಡಿದ್ದೆ.

"ಒಂದು ಪರದೆ," ಎಂದರು. "ಮೇಜಿಗೂ ಬೆಂಚಿಗೂ ನಡುವೆ."

"ನೀವೇ ದರ್ಜಿ, ಹೊಲ್ಕೊಬಹುದಲ್ಲ?"

"ಹೊಲಿದಿಟ್ಟು ಆರು ತಿಂಗಳಾಯ್ತು. ಮೊಳೆ ಹೊಡೆಯೋಕೆ ಮಾಲೀಕರು ಬಿಡ್ತಿಲ್ಲ."

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಒಬ್ಬಳು ಹೆಂಗಸು ಕಂಕುಳಲ್ಲಿ ಮಗು, ಕೈಯಲ್ಲಿ ಕಾಗದಗಳ ಚೀಲ ಹಿಡಿದು ಯಾರನ್ನು ಕೇಳುವುದೆಂದು ತಿಳಿಯದೆ ನಿಂತಿದ್ದಳು. ಎದುರು ಅಂಗಡಿಯಿಂದ ಇಸ್ತ್ರಿಯಮ್ಮ ಅವಳಿಗೆ ಕೈ ಮಾಡಿ ದಾರಿ ತೋರಿಸಿದರು. ಇಸ್ತ್ರಿಯಮ್ಮ ಈಗ ಒಂದು ಎತ್ತರದ ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತಾರೆ. ಕೂತಲ್ಲಿಂದಲೇ ರಸ್ತೆಯ ಈ ಬದಿಗೆ ಕೂಗಿದರು:

"ಲೇ, ಯಾರೋ ಬರ್ತಿದ್ದಾಳೆ ನೋಡು! ಹೊಸಬಳು! ಗಟ್ಟಿಯಾಗಿ ಕೇಳಿಬಿಟ್ಟೀಯಾ ಮತ್ತೆ!"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಗುಂಡಿಯಕ್ಕ ನಗಲಿಲ್ಲ. ಮುಚ್ಚಳವನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟು, ಎದುರಿನವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

"ಕೇಳಲ್ಲ ಅಕ್ಕಾ."